ಅಪ್ಪನ ಫೋನಿನ ಮೇಲೆ ಕೂತಿದ್ದ ಇನ್ನೊಂದು ಪರದೆ

"ಯವ್ವಾ, ಬ್ಯಾಂಕಿನ ಆ್ಯಪು ಅಪ್‌ಡೇಟ್ ಆಗ್ಲತ್ತದ ನೋಡು. ಹತ್ತು ನಿಮಿಷ ಆಯ್ತು, ಇನ್ನಾ ಮುಗೀವಲ್ದು. ಫೋನ್ ಮುಟ್ಟಬ್ಯಾಡ್ರಿ ಅಂತ ಬರದದ."

ವಾಡಿಯಿಂದ ಅಪ್ಪ ಅವ್ವನ ಫೋನಿನಲ್ಲಿ ಮಾತಾಡ್ತಿದ್ದ. ನಾನು ಬೆಂಗಳೂರಿನ ಆಫೀಸಿನಲ್ಲಿ ಒಂದು ಮೀಟಿಂಗಿಗೆ ಓಡ್ತಿದ್ದೆ. ಲ್ಯಾಪ್‌ಟಾಪ್ ಒಂದು ಕೈಯಲ್ಲಿ, ಫೋನ್ ಭುಜಕ್ಕೂ ಕಿವಿಗೂ ಮಧ್ಯೆ.

"ಆಗ್ಲಿ ಬಿಡಪ್ಪಾ, ನೀ ಮುಟ್ಟಬ್ಯಾಡ. ತಾನೇ ಮುಗೀತದ" ಅಂದೆ.

ಆ್ಯಪ್‌ಗಳನ್ನು ಪರೀಕ್ಷೆ ಮಾಡೋದೇ ನನ್ನ ಕೆಲಸ. ಯಾವ ಬಟನ್ ಎಲ್ಲಿ ಕೂರಬೇಕು, ಯಾವ ಪಾಪ್‌ಅಪ್ ಯಾವುದರ ಮೇಲೆ ಬರಬೇಕು, ಹಿಂದಿನದು ಕಾಣಬೇಕೋ ಬೇಡವೋ, ದಿನಕ್ಕೆ ಎಂಟು ಗಂಟೆ ಅದನ್ನೇ ನೋಡ್ತೀನಿ. ಅಂಥ ನಾನೇ ಅಪ್ಪನಿಗೆ "ಮುಟ್ಟಬ್ಯಾಡ" ಅಂದೆ. ಅಪ್ಪ ಮುಟ್ಟಲಿಲ್ಲ. ಆ "ಅಪ್‌ಡೇಟ್" ಪರದೆಯ ಹಿಂದೆ, ಅವನ ಕಣ್ಣೆದುರಿಗೇ, ಅವನ ಖಾತೆಯಿಂದ ಮೂರು ಸಲ ರೊಕ್ಕ ಹೋಯಿತು. ಒಟ್ಟು 46,500 ರೂಪಾಯಿ. ಮನೆ ಮುಂದಿನ ಎರಡು ಖೋಲಿಗೆ ಸ್ಲ್ಯಾಬ್ ಹಾಕಿಸಬೇಕು ಅಂತ ಕೂಡಿಟ್ಟದ್ದು.

ಗೊತ್ತಾಗಿದ್ದು ಮರುದಿನ ಬೆಳಿಗ್ಗೆ, ಕಿರಾಣಿ ಅಂಗಡಿಯಲ್ಲಿ 120 ರೂಪಾಯಿ ಪೇಮೆಂಟ್ ಹೋಗದೇ ಇದ್ದಾಗ.

ಲಗ್ನಪತ್ರಿಕೆ ಬಂದಿತ್ತು

ಆ ರಾತ್ರಿಯೇ ರೈಲು ಹತ್ತಿದೆ. ವಾಡಿ ಸ್ಟೇಷನ್ನಿನಲ್ಲಿ ಇಳಿದಾಗ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಮುಂಬೈ ಕಡೆಯ ಹಳಿಯಿಂದ ಹೈದರಾಬಾದ್ ಕಡೆಗೆ ಹಳಿ ಒಡೆಯುವ ಜಂಕ್ಷನ್ ನಮ್ಮದು. ರಾತ್ರಿಯಿಡೀ ಯಾವುದಾದರೂ ಗಾಡಿ ನಿಂತೇ ಇರ್ತದೆ. ಆಚೆ ಸಿಮೆಂಟ್ ಫ್ಯಾಕ್ಟರಿಯ ದೀಪಗಳು. ಸಾಮಾನ್ಯವಾಗಿ ಅಪ್ಪ ಪ್ಲಾಟ್‌ಫಾರ್ಮಿನ ಮೇಲೆ ಬಂದು ನಿಂತಿರ್ತಾನೆ, ಬ್ಯಾಗ್ ಕಸಿದುಕೊಳ್ತಾನೆ. ಅವತ್ತು ಬಂದಿರಲಿಲ್ಲ.

ಮನೆಯಲ್ಲಿ ಕಟ್ಟೆಯ ಮೇಲೆ ಕೂತಿದ್ದ. ಫೋನನ್ನು ಟವೆಲ್ಲಿನಲ್ಲಿ ಸುತ್ತಿ ಕಪಾಟಿನಲ್ಲಿ ಇಟ್ಟಿದ್ದ, ಹಾವಿನ ಹಂಗ. "ನಾ ಏನೂ ಮಾಡಿಲ್ಲ ಬೇ. ಯಾರಿಗೂ ಓಟಿಪಿ ಹೇಳಿಲ್ಲ. ಯಾರ ಫೋನೂ ಬಂದಿಲ್ಲ." ಇದೇ ಮಾತನ್ನು ನಾಲ್ಕು ಸಲ ಹೇಳಿದ. ಅದು ನಿಜವೂ ಆಗಿತ್ತು. ನಾವು ಮಕ್ಕಳು ಅಪ್ಪ ಅವ್ವಗೆ ಹೇಳಿಕೊಟ್ಟ ಎಚ್ಚರಿಕೆ ಎಲ್ಲಾ ಅಷ್ಟೇ ಅಲ್ಲವಾ? ಓಟಿಪಿ ಹೇಳಬೇಡ, ಗೊತ್ತಿಲ್ಲದ ಲಿಂಕ್ ಒತ್ತಬೇಡ. ಅಪ್ಪ ಎರಡನ್ನೂ ಪಾಲಿಸಿದ್ದ.

ಬಂದಿದ್ದು ಲಿಂಕ್ ಅಲ್ಲ, ಲಗ್ನಪತ್ರಿಕೆ. ಕಳಿಸಿದವರೂ ಗೊತ್ತಿಲ್ಲದವರಲ್ಲ, ನಮ್ಮದೇ ದೂರದ ಬೀಗರು. ತುಳಸಿ ಲಗ್ನ ಮುಗಿದರೆ ನಮ್ಮ ಕಡೆ ಮದುವೆಗಳ ಸುಗ್ಗಿ. ದಿನಕ್ಕೆರಡು ಪತ್ರಿಕೆ ವಾಟ್ಸ್‌ಆ್ಯಪಿಗೆ ಬೀಳ್ತವೆ. ಇದೂ ಹಂಗೇ ಅಂತ ಅಪ್ಪ ಒತ್ತಿದ. ಅದು ಫೋಟೋ ಅಲ್ಲ, ಪಿಡಿಎಫ್ ಅಲ್ಲ, ಎಪಿಕೆ ಫೈಲ್. ಅಂದರೆ ಪ್ಲೇ ಸ್ಟೋರ್ ದಾಟಿ ನೇರವಾಗಿ ಫೋನಿಗೆ ಇಳಿಯುವ ಆ್ಯಪ್. ಬೀಗರ ವಾಟ್ಸ್‌ಆ್ಯಪ್ ಮೊದಲೇ ಬೇರೆಯವರ ಕೈಗೆ ಹೋಗಿತ್ತು. 2024ರಲ್ಲಿ ಕೆಲವು ರಾಜ್ಯಗಳ ಪೊಲೀಸರು ಇದೇ ಲಗ್ನಪತ್ರಿಕೆ ಮೋಸದ ಬಗ್ಗೆ ಎಚ್ಚರಿಸಿದ್ದನ್ನು ನಾನು ಸುದ್ದಿಯಲ್ಲಿ ಓದಿದ್ದೆ. ಓದಿ, ಮುಂದಕ್ಕೆ ಸ್ಕ್ರಾಲ್ ಮಾಡಿದ್ದೆ.

"ಒತ್ತಿದ ಮ್ಯಾಲ ಏನ್ ಕೇಳ್ತಪ್ಪಾ?"

"ಏನೇನೋ ಕೇಳ್ತು. ಓಕೆ, ಅಲೋ, ಓಕೆ. ಎಲ್ಲಾ ಒತ್ತೀನಿ. ನೀನೇ ಹೇಳಿದ್ದಿ ಅಲಾ, ಏನ್ ಬಂದ್ರೂ ಅಲೋ ಒತ್ತು ಅಂತ."

ಹೌದು, ಹೇಳಿದ್ದೆ. ಎರಡು ವರ್ಷದ ಹಿಂದೆ ಹೊಸ ಫೋನ್ ಕೊಡಿಸಿದಾಗ, ವಿಡಿಯೋ ಕಾಲ್ ಮಾಡೋದು ಕಲಿಸುವಾಗ, ಪ್ರತಿ ಸಲ "ಇದೇನೋ ಕೇಳ್ಲತ್ತದ" ಅಂತ ಅವನು ನಿಲ್ಲಿಸಿದಾಗ, ಸಹನೆ ಕಳಕೊಂಡು ಅಂದಿದ್ದೆ. ಅಪ್ಪ ಆ ಪಾಠವನ್ನು ಚೆನ್ನಾಗಿ ಕಲಿತಿದ್ದ.

ಒಂದು ಪರದೆ, ಹಲವು ಪದರ

ನಮ್ಮ ಫೋನಿನ ಪರದೆ ನೋಡಲಿಕ್ಕೆ ಒಂದೇ ಗಾಜು. ಒಳಗೆ ಅದು ಒಂದರ ಮೇಲೊಂದು ಪೇರಿಸಿದ ಚಿತ್ರಗಳ ಕಟ್ಟು. ಗೋಡೆಚಿತ್ರ ಒಂದು ಪದರ. ಅದರ ಮೇಲೆ ನೀವು ತೆರೆದ ಆ್ಯಪ್. ಟೈಪ್ ಮಾಡಲು ಹೋದರೆ ಕೀಬೋರ್ಡ್ ಇನ್ನೊಂದು ಪದರ. ಮೇಲ್ಗಡೆ ಸಮಯ, ಬ್ಯಾಟರಿ ತೋರಿಸುವ ಪಟ್ಟಿ ಮತ್ತೊಂದು. ಆಂಡ್ರಾಯ್ಡ್ ಇವನ್ನೆಲ್ಲ ಸೆಕೆಂಡಿಗೆ 60 ಸಲ, ಹೊಸ ಫೋನುಗಳಲ್ಲಿ 120 ಸಲದವರೆಗೂ, ಒಂದೇ ಚಿತ್ರವಾಗಿ ಬೆಸೆದು ನಮ್ಮ ಕಣ್ಣಿಗೆ ಕೊಡ್ತದೆ. ಯಾವುದು ಮೇಲೆ, ಯಾವುದು ಕೆಳಗೆ ಅನ್ನೋ ಸಾಲನ್ನು ಇಟ್ಟುಕೊಳ್ಳೋದು ಅದರ ಕೆಲಸ. ಬೆಸೆದ ಮೇಲೆ ಹೊಲಿಗೆ ಕಾಣುವುದಿಲ್ಲ.

ಚಿತ್ರಗಳನ್ನು ಹೀಗೆ ಒಂದರ ಮೇಲೊಂದು ಇಡೋದು ಒಂದು ಕಾಲಕ್ಕೆ ದೊಡ್ಡ ಸಾಧನೆಯೇ ಆಗಿತ್ತು. 1979ರಲ್ಲಿ ಆ್ಯಪಲ್ ಕಂಪನಿಯ ಬಿಲ್ ಆಟ್ಕಿನ್ಸನ್ ಝೆರಾಕ್ಸ್‌ನ ಸಂಶೋಧನಾ ಕೇಂದ್ರಕ್ಕೆ ಹೋಗಿ ಅಲ್ಲಿನ ಕಂಪ್ಯೂಟರಿನಲ್ಲಿ ವಿಂಡೋಗಳನ್ನು ನೋಡಿ ಬಂದ. ಅರ್ಧ ಮುಚ್ಚಿಹೋದ ವಿಂಡೋ ಕೂಡ ತನಗೆ ಕಾಣುವ ಅರ್ಧವನ್ನು ಸರಿಯಾಗಿ ಬರೆದುಕೊಳ್ತಿದೆ ಅಂತ ಅವನಿಗೆ ನೆನಪು. ಅವರು ಮಾಡಿದ್ದಾರಲ್ಲ, ನಾವೂ ಮಾಡಬೇಕು ಅಂತ ಹಟಕ್ಕೆ ಬಿದ್ದು ಮಾಡಿಯೂ ಬಿಟ್ಟ. ಆಮೇಲೆ ಗೊತ್ತಾಯಿತು, ಝೆರಾಕ್ಸ್‌ನವರು ಅದನ್ನು ಮಾಡಿರಲೇ ಇಲ್ಲ! 1985ರಲ್ಲಿ ಬಂದ ಮೈಕ್ರೋಸಾಫ್ಟ್‌ನ ಮೊದಲ ವಿಂಡೋಸ್‌ನಲ್ಲಿ ವಿಂಡೋಗಳು ಒಂದರ ಮೇಲೊಂದು ಬರುತ್ತಿರಲಿಲ್ಲ, ಫರಸಿ ಹಾಸಿದ ಹಾಗೆ ಪಕ್ಕಪಕ್ಕ ಕೂರುತ್ತಿದ್ದವು. ಒಂದರ ಮೇಲೊಂದು ಬಂದಿದ್ದು 1987ರ ಎರಡನೇ ಆವೃತ್ತಿಯಲ್ಲಿ.

ಪಕ್ಕಪಕ್ಕ ಇದ್ದರೆ ಯಾವುದೂ ಯಾವುದನ್ನೂ ಮುಚ್ಚುವುದಿಲ್ಲ. ಮೇಲೆ ಬಂದ ಕೂಡಲೇ ಒಂದು ಪ್ರಶ್ನೆ ಹುಟ್ಟಿಕೊಳ್ಳುತ್ತದೆ: ಮೇಲಿನದು ಯಾರದು?

ಆಂಡ್ರಾಯ್ಡ್‌ನಲ್ಲಿ ಒಂದು ಆ್ಯಪ್ ಇನ್ನೊಂದು ಆ್ಯಪಿನ ಮೇಲೆ ತನ್ನ ಚಿತ್ರ ತೇಲಿಬಿಡಬಹುದು. ಇದರಲ್ಲಿ ಒಳ್ಳೆಯ ಉಪಯೋಗಗಳೂ ಇವೆ. ಕರೆ ಬಂದಾಗ ಹೆಸರು ತೋರಿಸುವ ಪುಟ್ಟ ಚೌಕ, ಚಾಟಿನ ತೇಲುವ ಗುಂಡು, ರಾತ್ರಿ ಪರದೆಯನ್ನು ಹಳದಿ ಮಾಡುವ ಆ್ಯಪ್, ಎಲ್ಲಾ ಇದೇ ದಾರಿಯಲ್ಲಿ ಬರ್ತವೆ. ಆದರೆ ಅದೇ ದಾರಿಯಲ್ಲಿ ಬ್ಯಾಂಕಿನ ಆ್ಯಪಿನ ಮೇಲೆ ಬ್ಯಾಂಕಿನ ಹಾಗೇ ಕಾಣುವ ಇನ್ನೊಂದು ಪುಟವನ್ನೂ ಇಡಬಹುದು. ಅಪ್ಪನಿಗೆ ಆಗಿದ್ದು ಅದು. ಪತ್ರಿಕೆ ಒತ್ತಿದ ಎರಡು ದಿನದ ಮೇಲೆ ಬ್ಯಾಲೆನ್ಸ್ ನೋಡಲು ಬ್ಯಾಂಕಿನ ಆ್ಯಪ್ ತೆರೆದ. ಅದೇ ಬಣ್ಣ, ಅದೇ ಚಿಹ್ನೆ. ಪಿನ್ ಕೇಳಿತು, ಕೊಟ್ಟ. ಆಮೇಲೆ "ಅಪ್‌ಡೇಟ್" ಪುಟ. ಬ್ಯಾಂಕಿನ ಎಸ್ಸೆಮ್ಮೆಸ್ಸುಗಳನ್ನು ಆ ಆ್ಯಪೇ ಓದಿಕೊಂಡಿತು, ಅಪ್ಪನಿಗೆ ಒಂದೂ ಕಾಣಲಿಲ್ಲ. ಓಟಿಪಿ ಯಾರಿಗೂ ಹೇಳಿರಲಿಲ್ಲ, ಹೇಳುವ ಅಗತ್ಯವೇ ಬೀಳಲಿಲ್ಲ.

ಎರಡು ಒಪ್ಪಿಗೆ, ಒಂದು ಕೀಲಿ

ಬರೀ ಚಿತ್ರ ಮುಚ್ಚಿದರೆ ರೊಕ್ಕ ಹೋಗುವುದಿಲ್ಲ. ಮುಚ್ಚಿದ ಚಿತ್ರದ ಹಿಂದೆ ಯಾರೋ ಬಟನ್ ಒತ್ತಬೇಕು. ಅದಕ್ಕೆ ಬೇಕಾಗೋದು ಇನ್ನೊಂದು ಒಪ್ಪಿಗೆ, ಆ್ಯಕ್ಸೆಸಿಬಿಲಿಟಿ. ಕಣ್ಣು ಕಾಣದವರಿಗೆ ಪರದೆ ಓದಿ ಹೇಳಲು, ಕೈ ಆಡದವರ ಪರವಾಗಿ ಒತ್ತಲು ಇರುವ ಸೌಲಭ್ಯ ಅದು. ಎಷ್ಟೋ ಜನರ ಬದುಕು ಸುಲಭ ಮಾಡಿದೆ. ಅದೇ ಕಳ್ಳನ ಕೈಗೆ ಸಿಕ್ಕರೆ ನಿಮ್ಮ ಪರದೆ ಓದುವವನೂ ಅವನೇ, ಒತ್ತುವವನೂ ಅವನೇ. 2017ರಲ್ಲಿ ಅಮೆರಿಕದ ಎರಡು ವಿಶ್ವವಿದ್ಯಾಲಯಗಳ ಸಂಶೋಧಕರು ಈ ಎರಡು ಒಪ್ಪಿಗೆ ಕೂಡಿದರೆ ಫೋನು ಪೂರ್ತಿ ಕೈತಪ್ಪಬಹುದು ಅಂತ ಮಾಡಿ ತೋರಿಸಿದರು. ಅದಕ್ಕೆ ಅವರಿಟ್ಟ ಹೆಸರು "ಕ್ಲೋಕ್ ಅಂಡ್ ಡ್ಯಾಗರ್", ಅಂದರೆ ಹೊದಿಕೆ ಮತ್ತು ಚೂರಿ. ಮೇಲಿನ ಚಿತ್ರ ಹೊದಿಕೆ, ಹಿಂದಿನ ಕೈ ಚೂರಿ.

ಗೂಗಲ್ ಸುಮ್ಮನೆ ಕೂತಿಲ್ಲ. 2017ರ ಆಂಡ್ರಾಯ್ಡ್ 8ರಿಂದ ಇಂಥ ತೇಲುವ ಚಿತ್ರ ಸ್ಟೇಟಸ್ ಪಟ್ಟಿಯಂಥ ಮುಖ್ಯ ಜಾಗಗಳ ಮೇಲೆ ಬರಲಾಗದು. 2021ರ ಆಂಡ್ರಾಯ್ಡ್ 12ರಲ್ಲಿ, "ನಾನು ತೆರೆದಿರುವಾಗ ನನ್ನ ಮೇಲೆ ಯಾರೂ ಬರಬಾರದು" ಅಂತ ಹೇಳುವ ಅವಕಾಶ ಆ್ಯಪ್‌ಗಳಿಗೆ ಸಿಕ್ಕಿತು. 2022ರ ಆಂಡ್ರಾಯ್ಡ್ 13, ಹೊರಗಿನಿಂದ ಇಳಿಸಿದ ಆ್ಯಪ್‌ಗಳಿಗೆ ಆ್ಯಕ್ಸೆಸಿಬಿಲಿಟಿ ಕೊಡೋದನ್ನು ಕಷ್ಟ ಮಾಡಿತು. ಐಫೋನಿನಲ್ಲಿ ಒಂದು ಆ್ಯಪ್ ಇನ್ನೊಂದರ ಮೇಲೆ ಹೀಗೆ ಮನಬಂದಂತೆ ಚಿತ್ರ ಬಿಡಲು ಅವಕಾಶವೇ ಇಲ್ಲ, ಸಣ್ಣ ವಿಡಿಯೋ ಚೌಕದಂಥದ್ದು ಬಿಟ್ಟರೆ. ಆದರೆ ನನ್ನ ಹಳೇ ಫೋನ್ ಅವ್ವಗೆ, ಅವ್ವನದು ಅತ್ತೆಗೆ ಅಂತ ಫೋನು ಕೈಬದಲಾಗುವ ಮನೆಗಳಲ್ಲಿ ಆಂಡ್ರಾಯ್ಡ್ 9, 10 ಇನ್ನೂ ಓಡ್ತಾ ಇವೆ. ಹೊಸ ಬೀಗ ಹಳೇ ಬಾಗಿಲಿಗೆ ಬಂದಿಲ್ಲ.

ಸಪ್ಪಳ ಕೇಳಿ ಕಲ್ಲು ಕೊಳ್ಳುವವನು

ಅಪ್ಪ ಮೂವತ್ತು ವರ್ಷ ಕಲ್ಲಿನ ಕೆಲಸ ಮಾಡಿದವನು. ಶಹಾಬಾದ್ ಕಲ್ಲು ನಿಮಗೆ ಗೊತ್ತಿರ್ತದೆ, ಅರ್ಧ ಕರ್ನಾಟಕದ ಹಳೇ ಮನೆ, ಸಾಲಿ, ಸ್ಟೇಷನ್ನುಗಳ ನೆಲ ಅದೇ. ನಮ್ಮ ವಾಡಿ, ಚಿತ್ತಾಪುರ, ಸೇಡಂ ಸುತ್ತಲ ನೆಲದಡಿ ಈ ಸುಣ್ಣದಕಲ್ಲು ಪುಸ್ತಕದ ಹಾಳೆಯ ಹಾಗೆ ಪದರ ಪದರವಾಗಿ ಮಲಗಿದೆ. ಛೇಣಿ ಇಟ್ಟು ಸರಿಯಾದ ಗೆರೆಗೆ ಬಡಿದರೆ ಹಪ್ಪಳದಂತೆ ಬಿಡಿಸಿಕೊಳ್ತದೆ. ಅದರಿಂದಲೇ ಫರಸಿ.

ಸಂಜೆ ಚಹಾ ಕುಡಿಯುತ್ತಾ ನಾನು ಅಪ್ಪನಿಗೆ ಪದರಗಳ ವಿಷಯ ಹೇಳ್ತಿದ್ದೆ. ಒಂದು ಹಾಳೆಯ ಮೇಲೆ ಬ್ಯಾಂಕಿನ ಪುಟ ಬರೆದೆ, ಅದರ ಮೇಲೆ ಇನ್ನೊಂದು ಹಾಳೆ ಇಟ್ಟು ಅದೇ ಚಿತ್ರ ಬರೆದೆ. "ಈಗ ಯಾವುದರ ಮ್ಯಾಲ ಪಿನ್ ಬರೀತಿ?" ಅಂದೆ. ಅಪ್ಪ ಬಹಳ ಹೊತ್ತು ನೋಡಿದ. ಎರಡು ದಿನದಲ್ಲಿ ಮೊದಲ ಸಲ ಅವನ ಮುಖದಲ್ಲಿ ತಪ್ಪಿತಸ್ಥನ ಕಳೆ ಹೋಗಿ ಕೆಲಸಗಾರನ ಕಳೆ ಬಂತು.

"ಇದು ನಮ್ ಕಲ್ಲಿನಂಗೇ ಅದಲ್ಲ ಬೇ! ಮ್ಯಾಲಿಂದ ನೋಡಿದ್ರ ಛಂದ ಇರ್ತದ. ಒಳಗ ಪದರು ಬಿಟ್ಟಿದ್ರ ಕಣ್ಣಿಗಿ ಕಾಣಂಗಿಲ್ಲ. ಬಡದು ಸಪ್ಪಳ ಕೇಳಬೇಕು. ಗಟ್ಟಿ ಕಲ್ಲು ಖಣ್ ಅಂತದ, ಪದರು ಬಿಟ್ಟದ್ದು ಬೊದ್ ಅಂತದ." ಸ್ವಲ್ಪ ತಡೆದು ಕೇಳಿದ, "ಇದನ್ನ ಬಡದು ನೋಡೋದು ಹ್ಯಾಂಗ?"

ಗಾಜಿನ ಪರದೆಯನ್ನು ಬಡಿದರೆ ಸಪ್ಪಳದಲ್ಲಿ ಏನೂ ತಿಳಿಯುವುದಿಲ್ಲ. ಮೇಲಿನ ಪದರ ಚೆನ್ನಾಗಿ ಮಾಡಿದ್ದರೆ ನನ್ನಂಥವಳ ಕಣ್ಣಿಗೂ ಮೋಸ ಆಗ್ತದೆ. ಹಾಗಾಗಿ ಪರದೆಯನ್ನೇ ದಿಟ್ಟಿಸಿ ಪ್ರಯೋಜನ ಇಲ್ಲ. ಯಾರಿಗೆ ಮೇಲೆ ಕೂರುವ ಅನುಮತಿ ಕೊಟ್ಟಿದ್ದೇವೆ ಅನ್ನೋ ಪಟ್ಟಿಯನ್ನು ನೋಡಬೇಕು. ಫೋನಿನಲ್ಲಿ ನಾವು ಬಡಿದು ನೋಡಬಹುದಾದ ಜಾಗ ಅದು.

ಆ ಪಟ್ಟಿ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ಅದರೊಳಗೆ ಸ್ಪೆಷಲ್ ಆ್ಯಪ್ ಆ್ಯಕ್ಸೆಸ್, ಅದರೊಳಗೆ "ಡಿಸ್‌ಪ್ಲೇ ಓವರ್ ಅದರ್ ಆ್ಯಪ್ಸ್" ಅಂತ ಇರ್ತದೆ. ಸ್ಯಾಮ್‌ಸಂಗ್‌ನಲ್ಲಿ ಅದರ ಹೆಸರು "ಅಪಿಯರ್ ಆನ್ ಟಾಪ್". ಸಿಗದಿದ್ದರೆ ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ ಈ ಹೆಸರು ಟೈಪ್ ಮಾಡಿ. ಅಪ್ಪನ ಫೋನಿನಲ್ಲಿ ಹನ್ನೊಂದು ಆ್ಯಪ್‌ಗಳಿಗೆ ಅನುಮತಿ ಇತ್ತು. ಅದರಲ್ಲಿ ಹತ್ತರ ಹೆಸರು ಗೊತ್ತಿತ್ತು: ಟಾರ್ಚ್, ಪಂಚಾಂಗ, ಕ್ರಿಕೆಟ್ ಸ್ಕೋರ್... ಟಾರ್ಚಿಗೆ ಬ್ಯಾಂಕಿನ ಮೇಲೆ ಕೂರುವ ಕೆಲಸ ಏನು? ಹನ್ನೊಂದನೆಯದಕ್ಕೆ ಹೆಸರೂ ಇಲ್ಲ, ಚಿತ್ರವೂ ಇಲ್ಲ, ಖಾಲಿ ಜಾಗದ ಮುಂದೆ ಒಂದು ನೀಲಿ ಬಟನ್ ಮಾತ್ರ. ಅದೇ ನಮ್ಮ "ಲಗ್ನಪತ್ರಿಕೆ".

ಆ ಹೊತ್ತಿನಲ್ಲಿ ಮಾಡಬೇಕಾದ್ದು

ನಾನು ತಡವಾಗಿ ಮಾಡಿದ್ದನ್ನು ನೀವು ಬೇಗ ಮಾಡಿ ಅಂತ ಇಲ್ಲಿ ಬರೀತೀನಿ.

ಪರದೆ "ಅಪ್‌ಡೇಟ್", "ವೆರಿಫೈ", "ಮುಟ್ಟಬೇಡಿ" ಅಂತ ತಡೆದು ನಿಲ್ಲಿಸಿದರೆ ಮೊದಲು ಇಂಟರ್‌ನೆಟ್ ಕತ್ತರಿಸಿ. ಪರದೆ ಕೇಳದಿದ್ದರೆ ಪವರ್ ಬಟನ್ ಒತ್ತಿ ಹಿಡಿದು ಫೋನನ್ನೇ ಆರಿಸಿ, ಸಿಮ್ ತೆಗೆಯಿರಿ, ಮನೆಯ ವೈಫೈ ಬಂದ್ ಮಾಡಿ. ಅಪ್ಪ ಫೋನ್ ಮಾಡಿದಾಗ ನಾನು "ಮುಟ್ಟಬ್ಯಾಡ" ಅನ್ನುವ ಬದಲು "ಆಫ್ ಮಾಡು" ಅಂದಿದ್ದರೆ ಮೂರರಲ್ಲಿ ಒಂದಾದರೂ ಉಳಿಯುತ್ತಿತ್ತೇನೋ.

ಎರಡನೆಯದು, ಬೇರೆ ಫೋನಿನಿಂದ ಬ್ಯಾಂಕಿಗೆ ಮತ್ತು 1930ಕ್ಕೆ ಕರೆ ಮಾಡಿ. ಇದು ಸೈಬರ್ ವಂಚನೆಗೆ ಇಡೀ ದೇಶಕ್ಕಿರುವ ಸಹಾಯವಾಣಿ. ರೊಕ್ಕ ಒಂದು ಖಾತೆಯಿಂದ ಇನ್ನೊಂದಕ್ಕೆ ಓಡುವ ಮೊದಲೇ ತಡೆಹಿಡಿಯೋದು ಅದರ ಉದ್ದೇಶ, ಹಾಗಾಗಿ ಇಲ್ಲಿ ನಿಮಿಷಕ್ಕೂ ಬೆಲೆ ಇದೆ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ ಗ್ರಾಹಕರ ಕಡೆಯಿಂದ ಎಡವಟ್ಟು ಆಗಿದ್ದರೂ, ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು. ಅದಕ್ಕೇ ತಿಳಿಸಿದ ಸಮಯ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ.

ಮೂರನೆಯದು, ಆ ಆ್ಯಪ್ ತೆಗೆಯೋದು. ಸುಮ್ಮನೆ ಅನ್‌ಇನ್‌ಸ್ಟಾಲ್ ಒತ್ತಿದರೆ ಅದು ಬಿಡಲಿಲ್ಲ, ಪುಟ ತಾನೇ ಹಿಂದಕ್ಕೆ ಹಾರುತ್ತಿತ್ತು. ಫೋನನ್ನು ಸೇಫ್ ಮೋಡ್‌ನಲ್ಲಿ ಶುರು ಮಾಡಿದೆ. ಆಗ ನಾವು ಹಾಕಿಕೊಂಡ ಆ್ಯಪ್‌ಗಳು ಓಡುವುದಿಲ್ಲ. ದೂರಿಗೆ ಬೇಕಾಗುತ್ತದೆ ಅಂತ ಮೊದಲು ಇನ್ನೊಂದು ಫೋನಿನಿಂದ ಫೋಟೋ ತೆಗೆದುಕೊಂಡೆ. ನಂತರ ಆ್ಯಕ್ಸೆಸಿಬಿಲಿಟಿ ತೆಗೆದೆ, ಮೇಲೆ ಕೂರುವ ಅನುಮತಿ ತೆಗೆದೆ, ಆಮೇಲೆ ಆ್ಯಪ್ ತೆಗೆದೆ. ಕೊನೆಗೆ ಫೋಟೋಗಳನ್ನು ಉಳಿಸಿಕೊಂಡು ಇಡೀ ಫೋನನ್ನು ರೀಸೆಟ್ ಮಾಡಿದೆ. ಪಾಸ್‌ವರ್ಡ್, ಪಿನ್ ಎಲ್ಲವನ್ನೂ ಬೇರೆ ಫೋನಿನಿಂದ ಬದಲಿಸಿದೆವು.

ನಮ್ಮ 46,500ರಲ್ಲಿ 19,000 ರೂಪಾಯಿ ಒಂದು ಖಾತೆಯಲ್ಲಿ ತಡೆಹಿಡಿದಿದ್ದಾರೆ. ಅದು ಕೈಗೆ ಬರಲು ಇನ್ನೂ ಓಡಾಟ ಇದೆ. ಉಳಿದದ್ದು ಹೋದ ಹಾಗೆಯೇ. ಸ್ಲ್ಯಾಬ್ ಮುಂದಿನ ವರ್ಷಕ್ಕೆ.

ನನ್ನದೂ ಒಂದು ಪಾಲು

ವಾಪಸ್ ಬಂದು ಆಫೀಸಿನಲ್ಲಿ ಕೂತ ಮೊದಲ ದಿನ ನನ್ನ ಮುಂದೆ ಒಂದು ಪಾಪ್‌ಅಪ್ ಪರೀಕ್ಷೆಗೆ ಬಂದಿತ್ತು. "ನೋಟಿಫಿಕೇಶನ್ ಅಲೋ ಮಾಡಿ" ಅನ್ನೋದು. ಅಲೋ ಬಟನ್ ದಪ್ಪ, ಹಸಿರು. "ಬೇಡ" ಅನ್ನೋದು ತೆಳು ಬೂದು ಅಕ್ಷರ, ಹಿನ್ನೆಲೆಗೆ ಹೆಚ್ಚುಕಡಿಮೆ ಕರಗಿಹೋಗುವಷ್ಟು. ಇಂಥ ನೂರಾರನ್ನು ನಾನು "ಸರಿ ಇದೆ" ಅಂತ ದಾಟಿಸಿದ್ದೀನಿ. ನಾನು ಪರೀಕ್ಷಿಸೋದು ಬಟನ್ ಕೆಲಸ ಮಾಡ್ತದೋ ಇಲ್ಲವೋ ಅಂತ, ಜನಕ್ಕೆ ಏನು ಕಲಿಸ್ತದೆ ಅಂತಲ್ಲ.

ಇಂಥ ತಂತ್ರಗಳಿಗೆ ಡಾರ್ಕ್ ಪ್ಯಾಟರ್ನ್ ಅಂತಾರೆ. ನಮ್ಮ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಇವುಗಳ 13 ಬಗೆ ಹೆಸರಿಸಿದೆ. ಒಂದನ್ನು ಎದ್ದುಕಾಣಿಸಿ ಇನ್ನೊಂದನ್ನು ಮಸುಕು ಮಾಡಿ ದಾರಿ ತಪ್ಪಿಸೋದು, ಬೇಡ ಅಂದರೂ ಮತ್ತೆ ಮತ್ತೆ ಕೇಳೋದು ಆ ಪಟ್ಟಿಯಲ್ಲಿವೆ. ಕಳ್ಳನ ಪುಟಕ್ಕೂ ನಮ್ಮ ಪಾಪ್‌ಅಪ್ಪಿಗೂ ವ್ಯತ್ಯಾಸ ಖಂಡಿತ ಇದೆ. ಆದರೆ "ಏನು ಮೇಲೆ ಬಂದರೂ ಒತ್ತಿ ದಾಟಬೇಕು" ಅನ್ನೋ ಅಭ್ಯಾಸವನ್ನು ನಮ್ಮ ಅಪ್ಪ ಅವ್ವಂದಿರ ಬೆರಳಿಗೆ ಹಚ್ಚಿದ್ದು ಕಳ್ಳರಲ್ಲ. ನಾವು, ನಮ್ಮ ಆ್ಯಪ್‌ಗಳು. ಕಳ್ಳ ಆ ಅಭ್ಯಾಸವನ್ನು ಬಳಸಿಕೊಂಡ, ಅಷ್ಟೇ.

ಆ ಪಾಪ್‌ಅಪ್ಪನ್ನು ನಾನು ವಾಪಸ್ ಕಳಿಸಿದೆ. "ಬೇಡ" ಅನ್ನೋದೂ ಅಷ್ಟೇ ದೊಡ್ಡದಾಗಿ ಕಾಣಬೇಕು ಅಂತ ಬರೆದೆ. ಒಪ್ಪುತ್ತಾರೋ ಇಲ್ಲವೋ, ಬರೆದದ್ದಂತೂ ದಾಖಲೆಯಲ್ಲಿ ಇದೆ.

ಮುಂದಿನ ಸಲ ಊರಿಗೆ ಹೋದಾಗ ನೀವೂ ಹತ್ತು ನಿಮಿಷ ಮನೆಯವರ ಫೋನ್ ತೆಗೆದುಕೊಳ್ಳಿ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಆ ಪಟ್ಟಿ ತೆರೆಯಿರಿ. ಒಂದೊಂದರ ಹೆಸರು ಓದಿ, "ಇದು ಮ್ಯಾಲ ಕೂಡಬೇಕಾ, ಬ್ಯಾಡಾ?" ಅಂತ ಅವರನ್ನೇ ಕೇಳಿ. ಆರಿಸುವ ಬೆರಳು ಅವರದ್ದೇ ಆಗಿರಲಿ. ಕೆಳಗೆ ಆ್ಯಕ್ಸೆಸಿಬಿಲಿಟಿಯನ್ನೂ ಹಾಗೇ ನೋಡಿ. ವಾಟ್ಸ್‌ಆ್ಯಪಿನಲ್ಲಿ ಬಂದ ಫೈಲಿನ ಹೆಸರಿನ ಕೊನೆಗೆ ಎಪಿಕೆ ಅಂತಿದ್ದರೆ ಅದು ಪತ್ರಿಕೆ ಅಲ್ಲ, ಆ್ಯಪ್ ಅಂತ ಗುರುತು ತೋರಿಸಿಕೊಡಿ. ಗಡಿಬಿಡಿ ಮಾಡಬೇಡಿ. ನಮ್ಮ ಗಡಿಬಿಡಿಯೇ ಅವರಿಗೆ "ಅಲೋ" ಕಲಿಸಿದ್ದು.

ಹೋದ ವಾರ ಅಪ್ಪನ ಫೋನ್ ಬಂತು. ನಾನು ಮತ್ತೆ ಮೀಟಿಂಗಿಗೆ ಹೊರಟಿದ್ದೆ. "ಯವ್ವಾ, ಪಂಚಾಂಗದ ಆ್ಯಪು ಮ್ಯಾಲ ಕೂಡ್ತೀನಿ ಅಂತ ಕೇಳ್ಲತ್ತದ. ಬ್ಯಾಡಂತ ಒತ್ತೀನಿ. ಸರಿ ಅಲಾ?"

ನಾನು ಮೀಟಿಂಗಿಗೆ ಐದು ನಿಮಿಷ ತಡವಾಗಿ ಹೋದೆ.